ಒಂದೇ ಅಕ್ಷರ ಹಿಡಿದು ಹೈಸ್ಕೂಲ್ ಮಕ್ಕಳಿಗೆ ಉತ್ಪರಿವರ್ತನೆ, ಜೀನ್ ಎಡಿಟಿಂಗ್ ಕಲಿಸುವುದು ಹೇಗೆ

ಜೀನ್ ಎಡಿಟಿಂಗ್, ಅಂದರೆ ಡಿಎನ್ಎಯನ್ನು ಬೇಕೆಂದೇ ಬದಲಾಯಿಸುವ ಪಾಠವನ್ನು ದಯವಿಟ್ಟು ಕ್ರಿಸ್ಪರ್‌ನಿಂದ ಶುರು ಮಾಡಬೇಡಿ. ವಿಡಿಯೋ ತೋರಿಸಿ, "ನೋಡಿ ಮಕ್ಕಳೇ, ಇದು ಡಿಎನ್ಎ ಕತ್ತರಿಸುವ ಕತ್ತರಿ" ಅಂದರೆ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೇ. ಏನನ್ನು ಕತ್ತರಿಸಿದರು, ಯಾಕೆ ಅಲ್ಲೇ ಕತ್ತರಿಸಿದರು, ಕತ್ತರಿಸಿದ ಮೇಲೆ ಏನಾಯಿತು ಅಂತ ಕೇಳಿದರೆ ಕ್ಲಾಸ್ ಸುಮ್ಮನಾಗುತ್ತದೆ. ಯಾಕೆಂದರೆ ಡಿಎನ್ಎಯ ಒಂದು ಅಕ್ಷರ ಬದಲಾದರೆ ದೇಹದಲ್ಲಿ ಏನಾಗುತ್ತದೆ ಅನ್ನುವುದು ಅವರಿಗೆ ಇನ್ನೂ ಗೊತ್ತಿಲ್ಲ.

ನನ್ನ ಸಲಹೆ ಇಷ್ಟೇ. ಹತ್ತಾರು ಉದಾಹರಣೆ ಬೇಡ. ಒಂದು ಕಾಯಿಲೆ, ಒಂದು ಜೀನ್, ಒಂದು ಅಕ್ಷರ ಹಿಡಿದುಕೊಳ್ಳಿ. ಮೊದಲ ದಿನದಿಂದ ಕೊನೆಯ ದಿನದವರೆಗೆ ಅದನ್ನು ಬಿಡಬೇಡಿ. ಅದಕ್ಕೆ ಸಿಕಲ್ ಸೆಲ್ ಕಾಯಿಲೆಗಿಂತ, ಅಂದರೆ ಕುಡುಗೋಲು ಕಣ ರಕ್ತಹೀನತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇದು ನಮ್ಮದೇ ನೆಲದ ವಿಷಯ ಕೂಡ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯಲ್ಲಿ. ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿ ಇವತ್ತಿಗೂ ಇದೆ. ಜೀನ್ ಎಡಿಟಿಂಗ್ ಚಿಕಿತ್ಸೆಗೆ ಜಗತ್ತಿನಲ್ಲಿ ಮೊದಲ ಒಪ್ಪಿಗೆ ಸಿಕ್ಕಿದ ಕಾಯಿಲೆಗಳಲ್ಲೂ ಇದೇ ಒಂದು.

ಹತ್ತನೇ ಕ್ಲಾಸಿನ ಅನುವಂಶೀಯತೆ ಪಾಠ ಹೆಚ್ಚು ಕಡಿಮೆ ಮೆಂಡೆಲ್‌ನ ಬಟಾಣಿ ಗಿಡ, ಲಿಂಗ ನಿರ್ಧಾರ ಇಷ್ಟರಲ್ಲೇ ನಿಲ್ಲುತ್ತದೆ. ಸಿಕಲ್ ಸೆಲ್ ಬರುವುದು ಪಿಯುಸಿಯಲ್ಲಿ. ಆದರೆ ಇದನ್ನು ಹೈಸ್ಕೂಲಿನಲ್ಲೇ ಮಾಡಬಹುದು. ಆರೇಳು ಪೀರಿಯಡ್ ಸಾಕು. ವಿಜ್ಞಾನ ಸಂಘದ ಅವಧಿ, ಶನಿವಾರದ ಕ್ಲಾಸ್, ಹೇಗಾದರೂ ಹೊಂದಿಸಿಕೊಳ್ಳಿ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ

ನಿಮ್ಮ ಕ್ಲಾಸಿನಲ್ಲೇ ಸಿಕಲ್ ಸೆಲ್ ಇರುವ ಮಗು, ಅಥವಾ ಆ ಜೀನ್ ಹೊತ್ತ ಮಗು ಇರಬಹುದು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಶುರು ಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ತಪಾಸಣೆಯ ಗುರಿ ಇಡಲಾಯಿತು. ಆದಿವಾಸಿ ಹಾಸ್ಟೆಲ್‌ನಿಂದ ಬರುವ ಮಕ್ಕಳಲ್ಲಿ ಕೆಲವರಿಗೆ ಈಗಾಗಲೇ ತಪಾಸಣೆ ಆಗಿರಬಹುದು. "ಯಾರ ಮನೆಯಲ್ಲಿ ಈ ಕಾಯಿಲೆ ಇದೆ, ಕೈ ಎತ್ತಿ" ಅಂತ ಎಂದಿಗೂ ಕೇಳಬೇಡಿ. ವಂಶವೃಕ್ಷ ಬರೆಸುವಾಗ ಮಕ್ಕಳ ಸ್ವಂತ ಕುಟುಂಬ ಬೇಡ, ಕಲ್ಪಿತ ಕುಟುಂಬ ಕೊಡಿ. "ಕೆಟ್ಟ ಜೀನ್", "ದೋಷದ ರಕ್ತ" ಅನ್ನುವ ಮಾತುಗಳನ್ನು ಬಿಡಿ. "ಸಾಮಾನ್ಯ ಜೀನ್", "ಸಿಕಲ್ ಜೀನ್" ಅಂದರೆ ಸಾಕು. ಯಾವ ಸಮುದಾಯದ ಹೆಸರಿಗೂ ಈ ಕಾಯಿಲೆಯನ್ನು ಅಂಟಿಸಬೇಡಿ. ಆಫ್ರಿಕಾ, ಅರಬ್ ದೇಶಗಳು, ಗ್ರೀಸ್, ಮಧ್ಯ ಭಾರತ, ಎಲ್ಲ ಕಡೆ ಇದೆ ಅಂತ ಭೂಪಟದಲ್ಲೇ ತೋರಿಸಿ. ಮಲೇರಿಯಾ ಇದ್ದ ಕಡೆ ಇದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹೆಜ್ಜೆ 1: ಡಿಎನ್ಎ ಕಣ್ಣಿಗೆ ಕಾಣಲಿ

ಅರ್ಧ ಬಾಳೆಹಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೆನ್ನಾಗಿ ಕಿವುಚಿಸಿ. ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಬರದ ಹಾಗೆ ಮೆಲ್ಲಗೆ ಕಲಸಿ. ಅದನ್ನು ಹಣ್ಣಿಗೆ ಬೆರೆಸಿ ಹತ್ತು ನಿಮಿಷ ಬಿಡಿ. ತೆಳು ಬಟ್ಟೆಯಲ್ಲಿ ಸೋಸಿ, ಆ ನೀರನ್ನು ಪ್ರನಾಳಕ್ಕೆ ಹಾಕಿ. ಈಗ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದ ಸ್ಪಿರಿಟ್ ಅನ್ನು ಪ್ರನಾಳದ ಗೋಡೆಗುಂಟ ನಿಧಾನವಾಗಿ ಇಳಿಸಿ. ಎರಡು ಪದರ ಸೇರುವ ಕಡೆ ಬಿಳಿ ಎಳೆಗಳು ಮೇಲೇಳುತ್ತವೆ. ಕಡ್ಡಿಗೆ ಸುತ್ತಿ ಎತ್ತಬಹುದು.

ಸೋಪು ಜೀವಕೋಶದ ಪೊರೆಯ ಕೊಬ್ಬನ್ನು ಒಡೆಯಿತು. ಉಪ್ಪು ಡಿಎನ್ಎ ಎಳೆಗಳು ಒಟ್ಟುಗೂಡಲು ನೆರವಾಯಿತು. ಸ್ಪಿರಿಟ್‌ನಲ್ಲಿ ಡಿಎನ್ಎ ಕರಗುವುದಿಲ್ಲ, ಹಾಗಾಗಿ ಹೊರಗೆ ಬಂತು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರದಲ್ಲಿ ಬೆಂಕಿ ಇರಬಾರದು. ಮಕ್ಕಳಿಗೆ ಇನ್ನೊಂದು ಮಾತು ಹೇಳಲೇಬೇಕು: ನೀವು ನೋಡಿದ್ದು ಒಂದು ಡಿಎನ್ಎ ಅಲ್ಲ, ಲಕ್ಷಾಂತರ ಕೋಶಗಳ ಡಿಎನ್ಎ ಒಟ್ಟಿಗೆ ಸೇರಿದ ಮುದ್ದೆ.

ಹೆಜ್ಜೆ 2: ಮೂರಕ್ಷರದ ಓದು

ಕಪ್ಪುಹಲಗೆಯ ಮೇಲೆ ಈ ವಾಕ್ಯ ಬರೆಯಿರಿ:

ಸರಳಾ ಹಾಲನು ಮನೆಗೆ ತಂದಳು

ಪ್ರತಿ ಪದಕ್ಕೂ ಮೂರೇ ಅಕ್ಷರ. ಈಗ 'ಮ' ಅಳಿಸಿ 'ಕೊ' ಹಾಕಿ. "ಸರಳಾ ಹಾಲನು ಕೊನೆಗೆ ತಂದಳು." ಒಂದೇ ಅಕ್ಷರ ಬದಲಾಯಿತು, ವಾಕ್ಯ ಓದಲು ಸರಿಯಾಗೇ ಇದೆ, ಅರ್ಥ ಮಾತ್ರ ಬೇರೆ. ಮತ್ತೆ ಮೊದಲಿನ ವಾಕ್ಯ ಬರೆದು ಈ ಸಲ 'ರ' ತೆಗೆಯಿರಿ. ಆದರೆ ಮೂರು ಮೂರೇ ಓದಬೇಕು ಅನ್ನುವ ನಿಯಮ ಬಿಡಬೇಡಿ: "ಸಳಾಹಾ ಲನುಮ ನೆಗೆತಂ ದಳು." ಅಲ್ಲಿಂದ ಮುಂದೆ ಪೂರ್ತಿ ಹಾಳು! ಒಂದು ಅಕ್ಷರ ಬದಲಾಗುವುದಕ್ಕೂ ಒಂದು ಅಕ್ಷರ ಕಳೆದುಹೋಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಮಕ್ಕಳೇ ಹೇಳುತ್ತಾರೆ. ನೀವು ವಿವರಿಸಬೇಕಾದ ಅಗತ್ಯವೇ ಇರುವುದಿಲ್ಲ.

ಇಷ್ಟಾದ ಮೇಲೆ ನಿಜವಾದ ಜೀನ್‌ಗೆ ಬನ್ನಿ. ಡಿಎನ್ಎಯ ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ, ಅಮೈನೋ ಆಮ್ಲಗಳನ್ನು ಸರಪಳಿಯಾಗಿ ಪೋಣಿಸಿದರೆ ಪ್ರೋಟೀನ್. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಆದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯನ್ನು ಕಟ್ಟುವ ಜೀನ್ ನಮ್ಮ 11ನೇ ವರ್ಣತಂತುವಿನಲ್ಲಿದೆ. ಅದರ ಸಂದೇಶದ ಮೊದಲ 27 ಅಕ್ಷರ ಹೀಗಿವೆ:

ಎಟಿಜಿ – ಜಿಟಿಜಿ – ಸಿಎಟಿ – ಸಿಟಿಜಿ – ಎಸಿಟಿ – ಸಿಸಿಟಿ – ಜಿಎಜಿ – ಜಿಎಜಿ – ಎಎಜಿ

ಗಣಿತದ ಚೌಕ ಗೆರೆಯ ಪುಸ್ತಕದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರದಂತೆ ಬರೆಸಿ. ಕೆಳಗೆ ಅಮೈನೋ ಆಮ್ಲಗಳ ಹೆಸರು: ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಲೈಸಿನ್. ನಡುವೆ ಆರ್‌ಎನ್‌ಎ ಬರುತ್ತದೆ, ಅದರಲ್ಲಿ 'ಟಿ' ಬದಲು 'ಯು' ಇರುತ್ತದೆ ಅಂತ ಒಂದು ಮಾತು ಹೇಳಿ ಮುಂದೆ ಹೋಗಿ. ಹೈಸ್ಕೂಲಿನಲ್ಲಿ ಆರ್‌ಎನ್‌ಎ ವಿವರಕ್ಕೆ ಇಳಿದರೆ ಹಿಡಿದ ದಾರ ಕೈತಪ್ಪುತ್ತದೆ. ಮೊದಲ ಮೆಥಿಯೋನಿನ್ ಆಮೇಲೆ ಕಳಚಿಹೋಗುತ್ತದೆ, ಹಾಗಾಗಿ ಎಣಿಕೆ ವ್ಯಾಲಿನ್‌ನಿಂದ. ಆ ಲೆಕ್ಕದಲ್ಲಿ ಮೊದಲ ಜಿಎಜಿ ಆರನೆಯದು. ಸಿಕಲ್ ಸೆಲ್‌ನ ಕಥೆ ನಡೆಯುವುದು ಈ ಆರನೇ ಜಾಗದಲ್ಲೇ.

ಹೆಜ್ಜೆ 3: ಒಂದೇ ಜಾಗ, ಐದು ಬದಲಾವಣೆ

ಇಡೀ ಪಾಠದಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಅವಸರ ಮಾಡಬೇಡಿ, ಒಂದು ಪೂರ್ತಿ ಪೀರಿಯಡ್ ಕೊಡಿ. ಕ್ಲಾಸನ್ನು ಐದು ಗುಂಪು ಮಾಡಿ. ಎಲ್ಲರಿಗೂ ಅದೇ ಆರನೇ ಜಿಎಜಿ. ಪ್ರತಿ ಗುಂಪಿಗೂ ಬೇರೆ ಬೇರೆ ಚೀಟಿ.

ಮೊದಲ ಗುಂಪಿಗೆ ಜಿಎಜಿ ಹೋಗಿ ಜಿಎಎ. ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಅಂತ ಹೇಳುವ ಕೋಷ್ಟಕ ನೋಡಿದರೆ ಅದೂ ಗ್ಲುಟಾಮಿಕ್ ಆಮ್ಲವೇ. ಡಿಎನ್ಎ ಬದಲಾಯಿತು, ಪ್ರೋಟೀನ್ ಬದಲಾಗಲಿಲ್ಲ. "ಹಾಗಾದರೆ ಇದು ಉತ್ಪರಿವರ್ತನೆಯೇ ಸರ್?" ಅಂತ ಕೇಳಿಯೇ ಕೇಳುತ್ತಾರೆ. ಹೌದು. ಉತ್ಪರಿವರ್ತನೆ ಅಂದರೆ ಡಿಎನ್ಎಯಲ್ಲಿ ಆದ ಬದಲಾವಣೆ. ಅದರಿಂದ ತೊಂದರೆ ಆಗಲೇಬೇಕು ಅಂತಿಲ್ಲ.

ಎರಡನೇ ಗುಂಪಿಗೆ ಜಿಟಿಜಿ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂತು. ಇದೇ ಸಿಕಲ್ ಜೀನ್.

ಮೂರನೇ ಗುಂಪಿಗೆ ಎಎಜಿ, ಅಂದರೆ ಲೈಸಿನ್. ಇದೂ ನಿಜವಾಗಿ ಇರುವಂಥದ್ದೇ. ಹಿಮೋಗ್ಲೋಬಿನ್ ಸಿ ಅಂತ ಹೆಸರು, ಪಶ್ಚಿಮ ಆಫ್ರಿಕಾದಲ್ಲಿ ಜಾಸ್ತಿ. ಇದರಿಂದ ಆಗುವ ತೊಂದರೆ ಸಿಕಲ್ ಸೆಲ್‌ಗಿಂತ ತುಂಬಾ ಕಡಿಮೆ.

ನಾಲ್ಕನೇ ಗುಂಪಿಗೆ ಟಿಎಜಿ. ಅದು 'ನಿಲ್ಲಿಸು' ಅನ್ನುವ ಸಂಕೇತ. 146 ಅಮೈನೋ ಆಮ್ಲಗಳ ಸರಪಳಿ ಐದಕ್ಕೇ ನಿಂತಿತು.

ಐದನೇ ಗುಂಪು ಒಂದು 'ಜಿ' ಕಳೆದುಕೊಳ್ಳಲಿ. ಸಿಸಿಟಿ ಆದ ಮೇಲೆ ಎಜಿಜಿ, ಎಜಿಎ ಅಂತ ಓದಬೇಕಾಗುತ್ತದೆ. ಎರಡೂ ಆರ್ಜಿನಿನ್. ಮುಂದಿನದೆಲ್ಲಾ ಅಸ್ತವ್ಯಸ್ತ, ಸರಳಾಳ ವಾಕ್ಯದ ಹಾಗೇ.

ಐದೂ ಗುಂಪು ಬಂದು ಹೇಳಿದ ಮೇಲೆ "ಉತ್ಪರಿವರ್ತನೆ ಒಳ್ಳೆಯದೋ ಕೆಟ್ಟದ್ದೋ?" ಅಂತ ಕೇಳಿ. ಮಕ್ಕಳು "ಎಲ್ಲಿ ಆಯಿತು, ಏನಾಯಿತು ಅನ್ನುವುದರ ಮೇಲೆ" ಅಂತಾರೆ. ಅದೇ ಸರಿಯಾದ ಉತ್ತರ. ಪ್ರತಿ ಮಗುವೂ ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60–70 ಹೊಸ ಅಕ್ಷರ ಬದಲಾವಣೆಗಳನ್ನು ಹೊತ್ತೇ ಹುಟ್ಟುತ್ತದೆ ಅಂತ ಆಗ ಹೇಳಿ. 300 ಕೋಟಿ ಅಕ್ಷರಗಳ ನಕಲು ಮಾಡುವಾಗ ಅಷ್ಟು ಆಗುತ್ತದೆ, ಬಹುಪಾಲು ಏನೂ ಮಾಡುವುದಿಲ್ಲ. ಸಿನಿಮಾದಲ್ಲಿ ನೋಡಿದ 'ಮ್ಯುಟೆಂಟ್' ಚಿತ್ರ ಅಲ್ಲಿಗೆ ಕರಗುತ್ತದೆ.

ಹೆಜ್ಜೆ 4: ಅಕ್ಷರದಿಂದ ನೋವಿನವರೆಗೆ

ಗ್ಲುಟಾಮಿಕ್ ಆಮ್ಲಕ್ಕೆ ನೀರು ಅಂದರೆ ಇಷ್ಟ. ವ್ಯಾಲಿನ್ ನೀರಿನಿಂದ ದೂರ ಸರಿಯುವಂಥದ್ದು, ಎಣ್ಣೆಯ ಗುಣ. ಹಿಮೋಗ್ಲೋಬಿನ್‌ನ ಹೊರಮೈಯಲ್ಲಿ ವ್ಯಾಲಿನ್ ಬಂದು ಕೂತಾಗ, ಆಮ್ಲಜನಕ ಕಡಿಮೆಯಾದ ಕಡೆ ಒಂದು ಹಿಮೋಗ್ಲೋಬಿನ್ ಇನ್ನೊಂದಕ್ಕೆ ಅಂಟಿಕೊಂಡು ಉದ್ದನೆಯ ಕಡ್ಡಿಗಳಾಗುತ್ತವೆ. ಆ ಕಡ್ಡಿಗಳು ಕೆಂಪು ರಕ್ತಕಣವನ್ನು ಒಳಗಿನಿಂದ ತಳ್ಳಿ ಕುಡುಗೋಲಿನ ಆಕಾರಕ್ಕೆ ತರುತ್ತವೆ. ಆ ಕಣ ಬಾಗುವುದಿಲ್ಲ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ರಕ್ತ ನಿಲ್ಲುತ್ತದೆ. ತಡೆಯಲಾರದ ನೋವು ಬರುತ್ತದೆ. ಸಾಮಾನ್ಯ ಕೆಂಪು ಕಣ 120 ದಿನ ಬದುಕಿದರೆ ಇದು 10–20 ದಿನ. ಹಾಗಾಗಿ ರಕ್ತಹೀನತೆ.

ಇದನ್ನು ಬಾಣದ ಗುರುತು ಹಾಕಿ ಬರೆಸಿ: ಅಕ್ಷರ, ಅಮೈನೋ ಆಮ್ಲ, ಪ್ರೋಟೀನ್, ಕಣ, ರಕ್ತನಾಳ, ನೋವು. ನೋಡದೆ ಬರೆಯಲು ಬಂದರೆ ಅರ್ಧ ಪಾಠ ಗೆದ್ದ ಹಾಗೆ. ಕಾಯಿಲೆಗೂ ಹಿಮೋಗ್ಲೋಬಿನ್ ಅಣುವಿಗೂ ನಂಟಿದೆ ಅಂತ ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು. ವ್ಯತ್ಯಾಸ ಬರೀ ಒಂದು ಅಮೈನೋ ಆಮ್ಲದ್ದು ಅಂತ ವರ್ನನ್ ಇಂಗ್ರಾಮ್ 1950ರ ದಶಕದಲ್ಲಿ ಕಂಡುಹಿಡಿದರು.

ಹೆಜ್ಜೆ 5: ನಾಣ್ಯ ಚಿಮ್ಮಿ

ಇಬ್ಬಿಬ್ಬರು ಜೋಡಿ. ಒಬ್ಬರು ಅಮ್ಮ, ಒಬ್ಬರು ಅಪ್ಪ. ಇಬ್ಬರಲ್ಲೂ ಒಂದು ಸಾಮಾನ್ಯ ಜೀನ್, ಒಂದು ಸಿಕಲ್ ಜೀನ್. ಇಬ್ಬರೂ ಆರೋಗ್ಯವಾಗಿದ್ದಾರೆ, ಬರೀ ವಾಹಕರು. ನಾಣ್ಯದ ಸಿಂಹದ ಮುಖ ಸಾಮಾನ್ಯ, ಇನ್ನೊಂದು ಬದಿ ಸಿಕಲ್. ಇಬ್ಬರೂ ಒಟ್ಟಿಗೆ ಚಿಮ್ಮಿದರೆ ಒಂದು ಮಗು. ಎರಡೂ ಸಿಕಲ್ ಬಿದ್ದರೆ ಮಾತ್ರ ಕಾಯಿಲೆ. ಪ್ರತಿ ಜೋಡಿಯೂ ನಾಲ್ಕು ಸಲ ಚಿಮ್ಮಲಿ. ಕೆಲವು ಮನೆಗಳಲ್ಲಿ ಯಾವ ಮಗುವಿಗೂ ಕಾಯಿಲೆ ಇರುವುದಿಲ್ಲ, ಕೆಲವು ಮನೆಗಳಲ್ಲಿ ಇಬ್ಬರಿಗೆ ಬರುತ್ತದೆ. ಇಡೀ ಕ್ಲಾಸಿನ ಲೆಕ್ಕ ಒಟ್ಟು ಮಾಡಿದಾಗ ಎರಡೂ ಸಾಮಾನ್ಯ ಜೀನ್ ಇರುವವರು ಶೇ. 25, ವಾಹಕರು 50, ಕಾಯಿಲೆ ಇರುವವರು 25ರ ಹತ್ತಿರ ಬರುತ್ತದೆ. "ನಾಲ್ಕರಲ್ಲಿ ಒಂದು" ಅಂದರೆ ಮೂವರು ಆರೋಗ್ಯವಂತರು ಹುಟ್ಟಿದ ಮೇಲೆ ನಾಲ್ಕನೆಯ ಮಗುವಿಗೆ ಕಾಯಿಲೆ ಖಚಿತ ಅಂತಲ್ಲ, ಪ್ರತಿ ಸಲವೂ ಹೊಸ ನಾಣ್ಯ. ಇದನ್ನು ಒತ್ತಿ ಹೇಳಿ, ದೊಡ್ಡವರೇ ಇಲ್ಲಿ ತಪ್ಪು ತಿಳಿಯುತ್ತಾರೆ.

ಹಾಗಾದರೆ ಇಂಥ ಜೀನ್ ಅಳಿಸಿಹೋಗದೆ ಯಾಕೆ ಉಳಿಯಿತು? ವಾಹಕರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಆಂಥೋನಿ ಅಲಿಸನ್ 1954ರಲ್ಲಿ ಇದನ್ನು ತೋರಿಸಿದರು. ಮಲೇರಿಯಾ ಬಂತು ಅಂತ ಈ ಉತ್ಪರಿವರ್ತನೆ ಹುಟ್ಟಲಿಲ್ಲ. ಅದು ಎಲ್ಲೋ ತಾನಾಗಿ ಹುಟ್ಟಿತು. ಮಲೇರಿಯಾ ಇದ್ದ ಕಡೆ ವಾಹಕರು ಹೆಚ್ಚು ಬದುಕಿದರು, ಅದಕ್ಕೇ ಹರಡಿತು. ಈ ಎರಡಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಹಿಡಿಸಿದರೆ ಜೀವವಿಕಾಸದ ಪಾಠ ಆಮೇಲೆ ಸಲೀಸು.

ಹೆಜ್ಜೆ 6: ಈಗ ಕ್ರಿಸ್ಪರ್

ಬ್ಯಾಕ್ಟೀರಿಯಾದಿಂದ ಶುರು ಮಾಡಿ. ವೈರಸ್ ದಾಳಿ ಮಾಡಿದಾಗ ಬ್ಯಾಕ್ಟೀರಿಯಾ ಆ ವೈರಸ್ಸಿನ ಡಿಎನ್ಎ ತುಣುಕನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ವೈರಸ್ ಬಂದರೆ ಗುರುತು ಹಿಡಿದು ಕತ್ತರಿಸುತ್ತದೆ. ಇದನ್ನು ಪ್ರಯೋಗದಲ್ಲಿ ಸಾಬೀತು ಮಾಡಿದ್ದು 2007ರಲ್ಲಿ, ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದಲ್ಲಿ! ಮಕ್ಕಳಿಗೆ ಇದು ಬಹಳ ಖುಷಿ ಕೊಡುತ್ತದೆ. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ, ಕ್ರಿಸ್ಪರ್ ಅನ್ನುವ ಈ ವ್ಯವಸ್ಥೆಗೆ ನಾವು ಬೇಕಾದ ವಿಳಾಸ ಕೊಟ್ಟು ಬೇಕಾದ ಕಡೆ ಕತ್ತರಿಸಬಹುದು ಅಂತ ತೋರಿಸಿದರು. 2020ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಕಾಗದದ ಆಟ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಉದ್ದ ಪಟ್ಟಿ ಕತ್ತರಿಸಿ 60 ಅಕ್ಷರ ಬರೆಯಿರಿ. ಎಂಟು ಅಕ್ಷರದ ಒಂದು 'ಗೈಡ್' ಚೀಟಿ, ಅಂದರೆ ಕತ್ತರಿಸಬೇಕಾದ ಜಾಗದ ವಿಳಾಸ ಕೊಡಿ. ನಿಜವಾದ ಗೈಡ್ 20 ಅಕ್ಷರದ್ದು, ಕ್ಲಾಸಿಗೆ ಎಂಟು ಸಾಕು. ಪಟ್ಟಿಯಲ್ಲಿ ಮೂರು ಜಾಗ ಮೊದಲೇ ಹೊಂದಿಸಿಡಿ. ಒಂದು ಕಡೆ ಗೈಡ್‌ಗೆ ಪೂರ್ತಿ ಹೊಂದುವ ಎಂಟು ಅಕ್ಷರ, ಅದರ ಪಕ್ಕ ಯಾವುದಾದರೂ ಒಂದು ಅಕ್ಷರ, ಆಮೇಲೆ ಜಿಜಿ. ಇನ್ನೊಂದು ಕಡೆ ಅದೇ ಎಂಟು ಅಕ್ಷರ, ಆದರೆ ಮುಂದೆ ಜಿಜಿ ಇಲ್ಲ. ಮೂರನೇ ಕಡೆ ಎಂಟರಲ್ಲಿ ಒಂದು ಅಕ್ಷರ ಬೇರೆ, ಮುಂದೆ ಜಿಜಿ ಇದೆ.

ನಿಯಮ ಇದು: ಕ್ಯಾಸ್9, ಅಂದರೆ ಕ್ರಿಸ್ಪರ್ ವ್ಯವಸ್ಥೆಯಲ್ಲಿ ಕತ್ತರಿಯ ಕೆಲಸ ಮಾಡುವ ಪ್ರೋಟೀನ್, ಮೊದಲು ಜಿಜಿ ಹುಡುಕುತ್ತದೆ, ಆಮೇಲೆ ಗೈಡ್ ಹೊಂದಿಸಿ ನೋಡುತ್ತದೆ. ಎರಡನೇ ಜಾಗವನ್ನು ಅದು ಮುಟ್ಟುವುದಿಲ್ಲ. ಮೂರನೇ ಜಾಗದಲ್ಲಿ ಕೆಲವೊಮ್ಮೆ ತಪ್ಪಿ ಕತ್ತರಿಸಿಬಿಡುತ್ತದೆ. ವಿಜ್ಞಾನಿಗಳಿಗೆ ಇರುವ ದೊಡ್ಡ ಚಿಂತೆಗಳಲ್ಲಿ ಇದೂ ಒಂದು. ಸರಿಯಾದ ಜಾಗ ಸಿಕ್ಕಿದವರು ಗೈಡ್ ಹೊಂದಿದ ಎಂಟರ ಕೊನೆಯ ಮೂರು ಅಕ್ಷರ ಬಿಟ್ಟು ಅದರ ಹಿಂದೆ ಕತ್ತರಿಸಲಿ.

ಗೈಡ್ 20 ಅಕ್ಷರ ಯಾಕೆ? ಲೆಕ್ಕ ಮಾಡಿಸಿ. ಎಂಟು ಅಕ್ಷರವನ್ನು 65,536 ರೀತಿ ಜೋಡಿಸಬಹುದು. 300 ಕೋಟಿ ಅಕ್ಷರದಲ್ಲಿ ಅಂಥ ಒಂದು ಜೋಡಣೆ ಆಕಸ್ಮಿಕವಾಗಿಯೇ ಸುಮಾರು 45 ಸಾವಿರ ಕಡೆ ಸಿಗಬಹುದು. 20 ಅಕ್ಷರವಾದರೆ ಜೋಡಣೆ ಒಂದು ಲಕ್ಷ ಕೋಟಿಗೂ ಜಾಸ್ತಿ. ಗಣಿತದ ಮೇಷ್ಟ್ರನ್ನೂ ಈ ಪೀರಿಯಡ್‌ಗೆ ಕರೆಯಿರಿ.

ಕತ್ತರಿಸಿದ ಮೇಲಿನ ಕೆಲಸವೇ ಮುಖ್ಯ. ಕ್ಯಾಸ್9 ಯಾವುದನ್ನೂ ತಿದ್ದುವುದಿಲ್ಲ. ಅದು ಬರೀ ಕತ್ತರಿಸುತ್ತದೆ, ರಿಪೇರಿ ಮಾಡುವುದು ಜೀವಕೋಶ. ಅರ್ಧ ಗುಂಪುಗಳು ತುದಿಗಳನ್ನು ಗಡಿಬಿಡಿಯಲ್ಲಿ ಟೇಪ್ ಹಾಕಿ ಅಂಟಿಸಲಿ, ಒಂದೆರಡು ಅಕ್ಷರ ಕಳೆದುಹೋಗಲಿ. ಎರಡನೇ ಹೆಜ್ಜೆಯ ವಾಕ್ಯ ಹಾಳಾದ ಹಾಗೆ ಜೀನ್ ಕೆಲಸ ನಿಲ್ಲಿಸುತ್ತದೆ. ಉಳಿದ ಗುಂಪುಗಳಿಗೆ ಮಾದರಿ ಪಟ್ಟಿ ಕೊಡಿ, ಅದನ್ನು ನೋಡಿ ಸರಿಯಾದ ಅಕ್ಷರ ತುಂಬಲಿ. ಮೊದಲನೆಯದು ಜೀನ್ ಕೆಲಸ ನಿಲ್ಲಿಸುವ ದಾರಿ, ಎರಡನೆಯದು ತಿದ್ದುವ ದಾರಿ. ತಿದ್ದುವುದು ಹೆಚ್ಚು ಕಷ್ಟ.

ಹೆಜ್ಜೆ 7: ಅಕ್ಷರ ತಿದ್ದದೇ ಕಾಯಿಲೆ ತಡೆದ ಕಥೆ

ಇಲ್ಲಿ ಮಕ್ಕಳನ್ನು ಊಹೆ ಮಾಡಲು ಬಿಡಿ. "ನೀವು ಡಾಕ್ಟರ್ ಆಗಿದ್ದರೆ ಸಿಕಲ್ ಸೆಲ್‌ಗೆ ಏನು ಮಾಡುತ್ತೀರಿ?" ಎಲ್ಲರೂ "ಜಿಟಿಜಿಯನ್ನು ಜಿಎಜಿ ಮಾಡುತ್ತೇವೆ" ಅಂತಾರೆ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್ 8ರಂದು ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆ ಹಾಗೆ ಮಾಡುವುದೇ ಇಲ್ಲ.

ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ರಕ್ತದಲ್ಲಿ ಬೇರೆ ಹಿಮೋಗ್ಲೋಬಿನ್ ಇರುತ್ತದೆ, ಅದಕ್ಕೆ ಭ್ರೂಣದ ಹಿಮೋಗ್ಲೋಬಿನ್ ಅನ್ನುತ್ತಾರೆ. ಅದಕ್ಕೆ ಬೇರೆಯೇ ಜೀನ್, ಅದರಲ್ಲಿ ಸಿಕಲ್ ಬದಲಾವಣೆ ಇಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ಅದು ಕಡಿಮೆಯಾಗಿ ದೊಡ್ಡವರ ಹಿಮೋಗ್ಲೋಬಿನ್ ಬರುತ್ತದೆ. ಸಿಕಲ್ ಸೆಲ್ ಇರುವ ಹಸುಗೂಸಿಗೆ ಮೊದಲ ಕೆಲವು ತಿಂಗಳು ತೊಂದರೆ ಕಾಣಿಸದಿರುವುದು ಇದಕ್ಕೇ. ಭ್ರೂಣದ ಹಿಮೋಗ್ಲೋಬಿನ್ ಅನ್ನು ತಡೆಹಿಡಿಯುವುದು ಬಿಸಿಎಲ್11ಎ ಅನ್ನುವ ಜೀನ್. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಆ ಜೀನ್ ಕೆಂಪು ಕಣಗಳಲ್ಲಿ ಕೆಲಸ ಮಾಡಲು ಬೇಕಾದ ತುಣುಕನ್ನು ಕ್ರಿಸ್ಪರ್‌ನಿಂದ ಕೆಡಿಸುತ್ತಾರೆ. ಕೀಮೋ ಕೊಟ್ಟು ಮೂಳೆಮಜ್ಜೆಯ ಹಳೆ ಕೋಶಗಳನ್ನು ತೆಗೆದು, ಎಡಿಟ್ ಮಾಡಿದ ಕೋಶಗಳನ್ನು ವಾಪಸ್ ಹಾಕುತ್ತಾರೆ. ತಡೆ ಹೋಯಿತು, ಭ್ರೂಣದ ಹಿಮೋಗ್ಲೋಬಿನ್ ಮತ್ತೆ ಬಂತು. ಸಿಕಲ್ ಜೀನ್ ಇದ್ದಲ್ಲೇ ಇದೆ!

ಅಂದರೆ ಒಂದು ಉತ್ಪರಿವರ್ತನೆಯ ತೊಂದರೆಯನ್ನು ತಡೆಯಲು ಬೇಕೆಂದೇ ಇನ್ನೊಂದು ಉತ್ಪರಿವರ್ತನೆ ಮಾಡಿದರು. ಮಕ್ಕಳ ಮುಖ ನೋಡಬೇಕು ಆಗ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಿದ 31 ಜನರಲ್ಲಿ 29 ಜನಕ್ಕೆ ಸತತ ಒಂದು ವರ್ಷ ತೀವ್ರ ನೋವಿನ ದಾಳಿ ಬರಲಿಲ್ಲ.

ಬೆಲೆಯನ್ನೂ ಮುಚ್ಚಿಡಬೇಡಿ. ಅಮೆರಿಕದಲ್ಲಿ 22 ಲಕ್ಷ ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 18 ಕೋಟಿ ರೂಪಾಯಿ. ಕಾಡಂಚಿನ ಹಾಡಿಯ ಮಗುವಿಗೆ ಇದು ಯಾವಾಗ ಸಿಗುತ್ತದೆ ಅನ್ನುವ ಪ್ರಶ್ನೆ ಕ್ಲಾಸಿನಲ್ಲಿ ಬರಲೇಬೇಕು, ಅಲ್ವಾ? ದೆಹಲಿಯ ಸಿಎಸ್ಐಆರ್–ಐಜಿಐಬಿ ಸಂಸ್ಥೆ ಇದೇ ಕಾಯಿಲೆಗೆ ಕಡಿಮೆ ಖರ್ಚಿನ ಕ್ರಿಸ್ಪರ್ ಚಿಕಿತ್ಸೆಯ ಕೆಲಸದಲ್ಲಿದೆ. 2025ರ ನವೆಂಬರ್‌ನಲ್ಲಿ ಅದಕ್ಕೆ ಬಿರ್ಸಾ ಮುಂಡಾ ಹೆಸರಿನಲ್ಲಿ ಬಿರ್ಸಾ 101 ಅಂತ ಹೆಸರಿಟ್ಟರು. ಸದ್ಯಕ್ಕೆ ಇಲ್ಲಿ ಸಿಗುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಭ್ರೂಣದ ಹಿಮೋಗ್ಲೋಬಿನ್ ಅನ್ನೇ ಹೆಚ್ಚಿಸುತ್ತದೆ. ತಪಾಸಣೆ ಮಾಡಿಸಿ ಮಾತ್ರೆ ತಗೊಂಡರೆ ನೋವು ಕಡಿಮೆಯಾಗುತ್ತದೆ ಅನ್ನುವ ಮಾತು ಈ ಕ್ಲಾಸಿನಿಂದ ಮನೆಗೆ ಹೋಗಲಿ.

ಹೆಜ್ಜೆ 8: ವಾದ ಮಾಡಲಿ

ಎರಡು ವಿಷಯ ಸಾಕು. ಒಂದು, 2018ರಲ್ಲಿ ಚೀನಾದ ಹೆ ಜಿಯಾಂಕುಯಿ ಭ್ರೂಣಗಳಲ್ಲಿ, ಎಚ್ಐವಿ ಕೋಶದೊಳಗೆ ಹೋಗಲು ಬಾಗಿಲಾಗುವ ಸಿಸಿಆರ್5 ಜೀನ್ ಎಡಿಟ್ ಮಾಡಿ ಮಕ್ಕಳು ಹುಟ್ಟಿದ ಸುದ್ದಿ. ಜಗತ್ತೆಲ್ಲ ಖಂಡಿಸಿತು, 2019ರಲ್ಲಿ ಅವರಿಗೆ ಮೂರು ವರ್ಷ ಜೈಲು ಆಯಿತು. ರಕ್ತದ ಕೋಶ ಎಡಿಟ್ ಮಾಡಿದರೆ ಆ ವ್ಯಕ್ತಿಗೇ ಮುಗಿಯುತ್ತದೆ, ಭ್ರೂಣ ಎಡಿಟ್ ಮಾಡಿದರೆ ಮುಂದಿನ ಪೀಳಿಗೆಗೂ ಹೋಗುತ್ತದೆ. ಈ ಗೆರೆ ಸ್ಪಷ್ಟವಾಗಲಿ.

ಎರಡು, ಭತ್ತ. 2025ರ ಮೇ ತಿಂಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ಎಡಿಟ್ ಮಾಡಿದ ಎರಡು ತಳಿ ಪ್ರಕಟಿಸಿತು. ಅದರಲ್ಲಿ ಒಂದು ಸಾಂಬಾ ಮಸೂರಿಯಿಂದ ಬಂದ ಕಮಲಾ. ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದಾರೆ, ಕಮಲಾದಲ್ಲಿ ಭತ್ತದ್ದೇ ಜೀನ್ ಬದಲಾಯಿಸಿದ್ದಾರೆ. ರೈತರ ಮಕ್ಕಳು ಇಲ್ಲಿ ಚೆನ್ನಾಗಿ ಮಾತಾಡುತ್ತಾರೆ: ಬೀಜ ಯಾರದ್ದು, ಮತ್ತೆ ಬಿತ್ತಬಹುದಾ, ಪೇಟೆಂಟ್ ಯಾರ ಹತ್ತಿರ ಇದೆ. ನಿಮ್ಮ ಅಭಿಪ್ರಾಯ ಕೊನೆಗೆ ಇಟ್ಟುಕೊಳ್ಳಿ.

ಪರೀಕ್ಷೆಗೆ ಕೊಡಬಹುದಾದ ಪ್ರಶ್ನೆಗಳು

"ಉತ್ಪರಿವರ್ತನೆ ಎಂದರೇನು?" ಅಂತ ಕೇಳಬೇಡಿ, ಬಾಯಿಪಾಠ ಬರುತ್ತದೆ. ಬದಲಿಗೆ 27 ಅಕ್ಷರದ ಪಟ್ಟಿ ಕೊಟ್ಟು ಕೊನೆಯ ಎಎಜಿಯನ್ನು ಎಎಎ ಮಾಡಿ, ಏನಾಗುತ್ತದೆ ಅಂತ ಕೇಳಿ. ಎರಡೂ ಲೈಸಿನ್, ಪ್ರೋಟೀನ್ ಬದಲಾಗುವುದಿಲ್ಲ. ಹಾಗೇ ಗೈಡ್ ಹೊಂದುವ, ಆದರೆ ಜಿಜಿ ಇಲ್ಲದ ಜಾಗ ತೋರಿಸಿ, ಇಲ್ಲಿ ಕ್ಯಾಸ್9 ಕತ್ತರಿಸುತ್ತದೆಯೇ ಅಂತ ಕೇಳಿ.

ಇನ್ನೊಂದು ಪ್ರಶ್ನೆಯಲ್ಲಿ ಇಡೀ ಪಾಠ ಗೊತ್ತಾಗಿಬಿಡುತ್ತದೆ. ಕ್ಯಾಸ್ಜೆವಿ ಪಡೆದು ಚೆನ್ನಾಗಿರುವ ಒಬ್ಬ ಮಹಿಳೆ ಇದ್ದಾರೆ, ಅವರ ಗಂಡ ಸಿಕಲ್ ಜೀನ್‌ನ ವಾಹಕ. ಹುಟ್ಟುವ ಮಗುವಿಗೆ ಕಾಯಿಲೆ ಬರಬಹುದೇ? ಎಡಿಟ್ ಆಗಿದ್ದು ಆಕೆಯ ರಕ್ತದ ಕೋಶ, ಅಂಡಾಣು ಅಲ್ಲ. ಅಲ್ಲದೆ ಎಡಿಟ್ ಆಗಿದ್ದು ಬೇರೆ ಜೀನ್. ಹಾಗಾಗಿ ಆಕೆಯಿಂದ ಸಿಕಲ್ ಜೀನ್ ಹೋಗಿಯೇ ಹೋಗುತ್ತದೆ, ಗಂಡನಿಂದ ಬರುವ ಸಾಧ್ಯತೆ ಅರ್ಧ. ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 50. ಉತ್ತರ ಬರೀ ಸಂಖ್ಯೆಯಾಗಿದ್ದರೆ ಅರ್ಧ ಅಂಕ ಕೊಡಿ, ಕಾರಣ ಬರೆದವರಿಗೆ ಪೂರ್ತಿ.